ರಾಣಿಯ ಸಣ್ಣ ಕಾಲು

ನನ್ನ ತಂಗಿಯ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊದಿಂದ ಸೊರಗಿತ್ತು. ನಡೆಯಲು ಒಂದು ಕಡೆ ಅಟ್ಟೆ ದಪ್ಪವಿದ್ದ ಶೂ ಬೇಕಿತ್ತು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ, ಇನ್ನು ಮನೆಗೆ ಮರಳುವುದಿಲ್ಲವೆಂದು ಗೊತ್ತಾದ ಮೇಲೆ, ನನ್ನ ಕೈ ಹಿಡಿದು ಹೇಳಿದಳು: "ಅಕ್ಕ, ಕಳಿಸೋವಾಗ ಶೂ ಹಾಕಿ ಕಳಿಸೇ. ಅಲ್ಲೂ ಕುಂಟ್ಕೊಂಡು ಓಡಾಡಕ್ಕಾಗಲ್ಲ." ನಕ್ಕಳು. ನಾನು ಹೂಂ ಅಂದೆ.

ಹಾಕಲಿಲ್ಲ. ದಹನದ ದಿನ ಅವಳ ಮಗಳು ಶೂ ತಂದಾಗ, "ಸತ್ತೋರಿಗೆ ಯಾರಾದ್ರೂ ಚರ್ಮ ಹಾಕ್ತಾರೇನೇ? ಶಾಸ್ತ್ರ ಅಲ್ಲ" ಎಂದು ವಾಪಸು ಕಾರಿನಲ್ಲಿಡಿಸಿದೆ. ಶಾಸ್ತ್ರ ನನಗೇನು ಗೊತ್ತು? ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಡಾಲಸ್ಸಿನಿಂದ ಅವಳ ಗಂಡನ ಕಡೆಯವರು ಬರುವವರಿದ್ದರು. ಅವರ ಕಣ್ಣಿಗೆ ಆ ಅಟ್ಟೆ ಬೀಳಬಾರದಿತ್ತು, ಅಷ್ಟೇ. ರೇಷ್ಮೆ ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿದೆ. ಮದುವೆಗೆ ಗಂಡಿನ ಕಡೆಗೆ ಅವಳ ಫೋಟೊ ಕಳಿಸುವಾಗಲೂ ಹೀಗೆಯೇ ಮುಚ್ಚಿದ್ದೆ.

ಆ ಮಗಳು ಆಸ್ಟಿನ್ನಿನಲ್ಲಿ ಹಳೆಯ ಕಾಲದ ಚರಿತ್ರೆ ಓದುತ್ತಾಳೆ. ಮೊನ್ನೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನಮ್ಮ ಮನೆಗೆ ಬಂದವಳು ಲ್ಯಾಪ್‌ಟಾಪಿನಲ್ಲಿ ಒಂದು ಗೋರಿಯ ಚಿತ್ರ ತೋರಿಸಿದಳು. ಈಗಿನ ಫ್ರಾನ್ಸನ್ನು ಫ್ರಾಂಕರೆಂಬ ಜನ ಆಳುತ್ತಿದ್ದಾಗಿನ ಒಬ್ಬ ರಾಣಿಯದು.

"ಇವಳ ಅಕ್ಕ ಆಗ್ಲೇ ರಾಜನ ವೈಫ್, ದೊಡ್ಡಮ್ಮ. ನನ್ನ ತಂಗಿಗೊಂದು ಒಳ್ಳೆ ಗಂಡು ಹುಡುಕಿ ಅಂದ್ಲು. ರಾಜ ಹೋಗಿ ನೋಡಿ, ನನಗಿಂತ ಒಳ್ಳೆಯವನು ಸಿಗಲಿಲ್ಲ ಅಂತ ತಾನೇ ಮದುವೆ ಆಗ್ಬಿಟ್ಟ!"

"ಆ ಅಕ್ಕನ ಬಾಯಿಗಿಷ್ಟು ಮಣ್ಣು ಹಾಕ!" ಅಂದೆ. ಇಬ್ಬರೂ ನಕ್ಕೆವು. ತಂಗಿ ಹೋದಮೇಲೆ ನಮ್ಮ ಮನೆಯಲ್ಲಿ ಅದೇ ಮೊದಲ ನಗು.

ಆಮೇಲೆ ಅವಳು ಆ ಗೋರಿ ಅಗೆದಾಗ ಸಿಕ್ಕ ಮೂಳೆಗಳ ಮಾತು ತೆಗೆದಳು. ಎಳವೆಯಲ್ಲಿ ಬಂದ ಯಾವುದೋ ಕಾಯಿಲೆಗೆ ರಾಣಿಯ ಒಂದು ಕಾಲು ಸಣ್ಣಗಾಗಿತ್ತಂತೆ. ಕುಂಟುತ್ತಿದ್ದಿರಬೇಕು. ಚರ್ಚಿನ ನೆಲದಡಿ ಕಲ್ಲಿನ ಪೆಟ್ಟಿಗೆಯಲ್ಲಿ ಅವಳನ್ನು ರೇಷ್ಮೆ, ಬಂಗಾರದ ಪಿನ್ನು, ಹೆಸರು ಕೆತ್ತಿದ ಉಂಗುರದೊಂದಿಗೆ ಮಲಗಿಸಿದ್ದರು.

"ಕಾಲಿಗೆ ಚರ್ಮದ ಪಟ್ಟಿ, ಬೆಳ್ಳಿ ಬಕಲ್ಲು. ಎರಡೂ ಕಾಲಿಗೂ, ದೊಡ್ಡಮ್ಮ. ನೋಬಡಿ ಹಿಡ್ ಇಟ್, ಯಾರೂ ಮುಚ್ಚಿಡ್ಲಿಲ್ಲ."

ನನ್ನನ್ನು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಚುಚ್ಚಿತು. ಆ ರಾಣಿಯ ಪಾದವನ್ನು ಸಾವಿರ ವರ್ಷ ದಾಟಿದ ಮೇಲೂ ಯಾರೋ ಕೈಯಲ್ಲಿ ಹಿಡಿದು ನೋಡಿದರು. ನನ್ನ ತಂಗಿಯನ್ನು ಸುಟ್ಟಾಯಿತು. ತಪ್ಪು ತಿದ್ದುತ್ತೇನೆಂದರೂ ಶೂ ತೊಡಿಸಲು ಪಾದವಿಲ್ಲ.

"ಕೊನೇಲಿ ಅಮ್ಮ ನಿಮ್ಮನ್ನ ಏನಾದ್ರೂ ಕೇಳಿದ್ಲಾ?"

ಹೇಳಬೇಕಾದ ಹೊತ್ತು ಇದೇ ಎಂದು ನನಗೆ ಗೊತ್ತಿತ್ತು.

"ಇಲ್ಲ ಕಣೇ. ಬರೀ ನಿದ್ದೆ ಮಾಡ್ತಿದ್ಲಲ್ಲ" ಎಂದೆ.

ಅವಳು ನಂಬಿದಳು.