ನಾನಿಯ ಚಿಕ್ಸಾ ಮತ್ತು ಹೆಸರಿಲ್ಲದ ಡಬ್ಬಿ

ಮೊನ್ನೆ ನಮ್ಮ ಲ್ಯಾಬಿಗೆ ಒಂದು ಸುಗಂಧದ ಮಾದರಿ ಬಂತು. ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ ಮೂಗಿನ ಹತ್ತಿರ ಹಿಡಿದೆ. ಗಂಧ, ಕಚೋರ, ಒಣಗಿದ ಗುಲಾಬಿ, ಅವುಗಳ ಹಿಂದೆ ಒಂದಿಷ್ಟು ಹೊಗೆ. ಕೂತಿದ್ದು ಹೈದರಾಬಾದಿನ ಹೊರವಲಯದ ಏಸಿ ಕೋಣೆಯಲ್ಲಿ. ಎಣ್ಣೆಯನ್ನೂ ನೀರನ್ನೂ ಜಗಳವಾಡದಂತೆ ಒಂದೇ ಡಬ್ಬಿಯಲ್ಲಿ ಕೂರಿಸಿ ಕ್ರೀಮ್ ಮಾಡುವುದು ನನ್ನ ಹೊಟ್ಟೆಪಾಡು. ಆದರೆ ಮೂಗು ನನ್ನನ್ನು ಎಳೆದುಕೊಂಡು ಹೋಗಿದ್ದು ನೆಲೋಗಿ ಎಂಬ ಹಳ್ಳಿಗೆ, ನನ್ನ ತಾಯಿಯ ತಾಯಿಯಾದ ನಾನಿಯ ಅಂಗಳಕ್ಕೆ. ಮುಖ ಬೆಳ್ಳಗಾಗಿಸುವ ಹೊಸ ಕ್ರೀಮಿಗೆ ಚಿಕ್ಸಾ ಪುಡಿಯ ವಾಸನೆ ಹಾಕಬೇಕಂತೆ, ಮೂಸಿದವರಿಗೆ ಅಜ್ಜಿಯ ನೆನಪಾಗಬೇಕಂತೆ. ಮಾರಾಟ ವಿಭಾಗದವರು ಹಾಗೆ ಬರೆದಿದ್ದರು. ನೆನಪಂತೂ ಆಯಿತು. ಅದರ ಜೊತೆಗೆ ಆ ಪಟ್ಟಿಯನ್ನು ಹರಿದು ಅವರ ಮುಖಕ್ಕೆ ಎಸೆಯುವಷ್ಟು ಸಿಟ್ಟೂ ಬಂತು.

ನಾನಿಯ ಅಂಗಳಕ್ಕೆ ಶಹಾಬಾದಿ ಪರಸಿ ಕಲ್ಲು ಹಾಸಿತ್ತು. ಮದುವೆಯ ದಿನಗಳು ಹತ್ತಿರ ಬಂದರೆ ಅದರ ಮೇಲೆ ಹಳೆಯ ಸೀರೆ ಹರಡಿ ಗುಲಾಬಿ ಪಕಳೆ, ಕಿತ್ತಳೆ ಸಿಪ್ಪೆ, ಕಚೋರದ ಗಡ್ಡೆಯ ಚೂರು ಒಣಗಿಸುತ್ತಿದ್ದರು. ಬಿಸಿಲಿಗೆ ಆ ಪರಿಮಳ ಓಣಿಯ ತುದಿಯವರೆಗೂ ಹೋಗುತ್ತಿತ್ತು. ಒಣಗಿದ್ದನ್ನು ಬೀಸುವ ಕಲ್ಲಿಗೆ ಹಾಕಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ, ನಾನಿ ಕೆಂಡದ ಮೇಲೆ ಗಂಧದ ಚೆಕ್ಕೆ ಉದುರಿಸಿ ಆ ಹೊಗೆಯನ್ನು ಪುಡಿಗೆ ಕುಡಿಸುತ್ತಿದ್ದಳು. ಅದೇ ಚಿಕ್ಸಾ. ನಮ್ಮಲ್ಲಿ ಮದುಮಗಳನ್ನು ಮಾಂಜಾ ಕೂರಿಸುತ್ತಾರೆ: ಹಳದಿ ಬಟ್ಟೆ ತೊಡಿಸಿ, ಬಿಸಿಲಿಗೆ ಬಿಡದೆ, ನಿಕಾಹದವರೆಗೆ ದಿನಾ ಚಿಕ್ಸಾ ಹಚ್ಚುತ್ತಾರೆ. ಮೊದಲು ಪಾದಕ್ಕೆ, ಆಮೇಲೆ ಕೈಗೆ, ಕೊನೆಗೆ ಮುಖಕ್ಕೆ. ಆ ದಿನಗಳಲ್ಲಿ ಸಾಬೂನು, ಪೌಡರು, ಕ್ರೀಮು ಯಾವುದೂ ಮೈ ಮುಟ್ಟುವಂತಿಲ್ಲ. ಊರಿನ ಯಾವ ಹುಡುಗಿಯ ಮದುವೆಯಾದರೂ ಪುಡಿ ನಾನಿಯದೇ. ಬಾಜೂ ಮನೆಯ ಶಿವಮ್ಮನಂತೂ ತನ್ನ ಮಗಳ ಅರಿಷಿಣಕ್ಕೆ ಬಟ್ಟಲು ಹಿಡಿದುಕೊಂಡೇ ಬಂದಿದ್ದಳು: "ನಿಮ್ಮ ಪುಡಿ ಕೂಡಿಸ್ಲಾರದ ನಮ್ಮ ಹುಡಿಗಿಗಿ ಅರಿಷಿಣ ಹಚ್ಚಂಗಿಲ್ಲ ನೋಡ್ರಿ." ನಾನಿ ನಕ್ಕು ಬಟ್ಟಲು ತುಂಬಿ ಕೊಟ್ಟಿದ್ದಳು.

ನನ್ನ ತಾಯಿಯ ತಂಗಿ ಶಮೀಮ್ ಖಾಲಾ ಆ ಮನೆಯ ಕಿರಿಯಳು. ಗಟ್ಟಿಯಾಗಿ ನಗುವವಳು, ನನ್ನ ತಲೆ ಬಾಚುವಾಗ ಕೂದಲು ಕಿತ್ತು ಬರುವಂತೆ ಜಡೆ ಬಿಗಿಯುವವಳು. ಗೊಬ್ಬೂರದಿಂದ ಅವಳನ್ನು ನೋಡಲು ಬಂದ ಹೆಂಗಸರು ನಾಷ್ಟಾ ತಿಂದು, ಚಹಾ ಕುಡಿದು, ಎದ್ದು ನಿಲ್ಲುವಾಗ ಹೇಳಿದರು: "ಹುಡಿಗಿ ಛಲೋ ಅದಾಳ್ರಿ. ಬಣ್ಣ ಜರಾ ಕಮ್ಮಿ ಬಿತ್ತು." ಎಂಥ ಮಾತು! ಜೋಳದ ಚೀಲದಲ್ಲಿ ಕೈ ಹಾಕಿ ನೋಡಿದಂತೆ ನೋಡಿ ಹೋದರು. ಆದರೂ ಅದೇ ಮನೆಗೆ ಮದುವೆ ಗೊತ್ತಾಯಿತು. ಗೊತ್ತಾದ ಕೆಲವೇ ದಿನಕ್ಕೆ ಜೇವರ್ಗಿಯ ಅಂಗಡಿಯೊಂದರಿಂದ ಬಿಳಿ ಡಬ್ಬಿ ಬಂತು. ಅದರ ಮೇಲೆ ಹೆಸರಿಲ್ಲ, ಅಕ್ಷರವೇ ಇಲ್ಲ. ಅಂಗಡಿಯವನು ಎರಡು ಮೂರು ಟ್ಯೂಬು ಹಿಂಡಿ, ಕಲಸಿ, 'ಫಾರ್ಮುಲಾ ಕ್ರೀಮ್' ಎಂದು ಕೊಟ್ಟಿದ್ದ. ಯಾರು ತರಿಸಿದರು ಎಂದು ಕೇಳುವ ವಯಸ್ಸು ಆಗ ನನ್ನದಾಗಿರಲಿಲ್ಲ. ಮಾಂಜಾ ಬರುವ ಹೊತ್ತಿಗೆ ಖಾಲಾ ಗುರುತು ಸಿಗದಷ್ಟು ಬೆಳ್ಳಗಾಗಿದ್ದಳು. ಮನೆಯವರೆಲ್ಲ ಹಿಗ್ಗಿದ್ದರು.

ಮಾಂಜಾ ಕೂರಿಸಿದರು. ಪದ್ಧತಿಯಂತೆ ಕ್ರೀಮ್ ನಿಂತಿತು, ಚಿಕ್ಸಾ ಶುರುವಾಯಿತು. ಕೆಲವು ದಿನ ಕಳೆಯುವಷ್ಟರಲ್ಲಿ ಖಾಲಾಳ ಮುಖ ಕೆಂಪಗೆ ಬೆಂದಂತಾಯಿತು, ಬಾತುಕೊಂಡಿತು. ಹಳದಿ ಬಟ್ಟೆಯಲ್ಲಿ ಕೂತು "ಉರಿಯಾಕತ್ತದ ಅಮ್ಮಾ, ತೊಳೀರಿ, ತೊಳೀರಿ" ಎಂದು ಅವಳು ಅತ್ತಿದ್ದು ನನಗೆ ಇನ್ನೂ ಕೇಳಿಸುತ್ತದೆ. ಚಿಕ್ಸಾ ತೊಳೆದರು. ಡಬ್ಬಿಯ ಕ್ರೀಮ್ ಮತ್ತೆ ಹಚ್ಚಿದರು. ಉರಿ ಇಳಿಯಿತು. ಇನ್ನೇನು ಸಾಕ್ಷಿ ಬೇಕು? ಕ್ರೀಮೇ ಔಷಧ, ಚಿಕ್ಸಾವೇ ವಿಷ ಎಂದು ಓಣಿಯೆಲ್ಲ ತೀರ್ಮಾನ ಮಾಡಿತು. ಬಟ್ಟಲು ಹಿಡಿದು ಬರುವವರು ನಿಂತರು. ನಾನಿ ಬೀಸುವ ಕಲ್ಲನ್ನು ಹಿತ್ತಲಿಗೆ ಸರಿಸಿ, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ, "ನನ್ನ ಕೈಯಾಗಽ ಏನೋ ಖೋಟಿ ಅದ" ಎಂದಳು.

ಖಾಲಾ ಗೊಬ್ಬೂರಕ್ಕೆ ಹೋದಳು, ಡಬ್ಬಿಯೂ ಹೋಯಿತು. ಒಂದು ಮುಗಿದರೆ ಇನ್ನೊಂದು. ಬಿಟ್ಟರೆ ಮುಖ ಉರಿಯುತ್ತಿತ್ತು, ಹಚ್ಚಿದರೆ ತಣ್ಣಗಾಗುತ್ತಿತ್ತು. ವರ್ಷಗಳು ಕಳೆದಂತೆ ಕೆನ್ನೆಯ ಚರ್ಮ ತೆಳುವಾಗಿ ಒಳಗಿನ ನರಗಳು ಕಾಣತೊಡಗಿದವು, ಗಲ್ಲದ ಮೇಲೆ ಕೂದಲು ಬಂತು. ಉರಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲಾಗದ ಸೊಸೆಯನ್ನು, ಅಂದು ನೋಡಲು ಬಂದು ಬಣ್ಣ ಕಮ್ಮಿ ಎಂದಿದ್ದ ಅತ್ತೆ, ಅದೇ ಬಾಯಿಂದ, "ಸುಟ್ಟ ಮಾರಿ", ಸುಟ್ಟ ಮುಖದವಳು ಎಂದು ಕರೆದಳು.

ಕಲಬುರಗಿಯ ಕಾಲೇಜಿನಲ್ಲಿ ಔಷಧಶಾಸ್ತ್ರ ಓದುತ್ತಿದ್ದಾಗ ಒಂದು ದಿನ ಪಾಠದಲ್ಲಿ ಸ್ಟೀರಾಯ್ಡ್ ಮುಲಾಮಿನ ವಿಷಯ ಬಂತು. ಡಾಕ್ಟರು ಚರ್ಮರೋಗಕ್ಕೆ ಅಳೆದು ಕೆಲವೇ ದಿನ ಕೊಡುವಂಥದ್ದು. ಸುಮ್ಮನೆ ಮುಖಕ್ಕೆ ಹಚ್ಚುತ್ತ ಹೋದರೆ ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ಒಮ್ಮೆಲೇ ಬಿಟ್ಟರೆ ಬೆಂಕಿ ಹತ್ತಿದಂತೆ ಕೆಂಪಾಗುತ್ತದೆ. ಬೆಂಚಿನ ಮೇಲೆ ಕೂತಿದ್ದ ನನಗೆ ಆ ಹಳದಿ ಬಟ್ಟೆ ಕಣ್ಣಿಗೆ ಕಟ್ಟಿತು. ಅವತ್ತೇ ಬಸ್ಸು ಹತ್ತಿದೆ. ಖಾಲಾ ತೌರಿಗೆ ಬಂದಿದ್ದಳು, ಒಳಗೆ ಮಲಗಿದ್ದಳು. ಪಡಸಾಲೆಯಲ್ಲಿ ನಾನಿಯ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. "ನಿನ್ನ ಚಿಕ್ಸಾದ ತಪ್ಪಲ್ಲ ನಾನಿ. ಮಾಂಜಾ ಅಂತ ಆ ಕ್ರೀಮ್ ಒಮ್ಮಿಗಲೇ ಬಿಟ್ಟಿದ್ದಕ್ಕ ಹಂಗ ಆತು. ನಿನ್ನ ಕೈಯಾಗ ಏನೂ ಇದ್ದಿಲ್ಲ."

ನಾನಿ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಆ ಡಬ್ಬಿ ತರಿಸಿದಾಕಿ ನಾನಽ, ಬೇಟಾ. ಊರ ಹುಡಿಗೇರಿಗೆಲ್ಲ ನನ್ನ ಚಿಕ್ಸಾ ಸಾಕಾಗ್ತಿತ್ತು. ನನ್ನ ಮಗಳಿಗಿ ಸಾಲಂಗಿಲ್ಲ ಅನಿಸ್ತು."

ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಅಂಗಡಿಯವನ ಮೇಲೆ ಇದೆ, ಚಹಾ ಕುಡಿದು ಬಣ್ಣ ತೂಗಿದ ಹೆಂಗಸರ ಮೇಲೆ ಇದೆ, ಬಿಳುಪನ್ನು ಚಂದದ ಡಬ್ಬಿಯಲ್ಲಿ ತುಂಬಿ ಮಾರಿ ಹೊಟ್ಟೆ ಹೊರೆಯುವ ನಮ್ಮ ಇಡೀ ಕಸುಬಿನ ಮೇಲೆ ಇದೆ. ಇಷ್ಟು ಜನ ಸೇರಿ, ತನ್ನ ಕೈಯನ್ನು ತಾನೇ ನಂಬದ ಹಾಗೆ ಒಬ್ಬ ಮುದುಕಿಯನ್ನು ಮಾಡಿದರು. ಆ ಸಿಟ್ಟು ಆರಿಲ್ಲ, ಆರುವುದೂ ಬೇಡ. ಮಾದರಿಯ ಶೀಶೆಯನ್ನು ವಾಪಸು ಕಳಿಸಿದ್ದೇನೆ. ಈ ವಾಸನೆಯ ಬಿಳಿ ಕ್ರೀಮನ್ನು ನಾನು ಮಾಡುವುದಿಲ್ಲ, ಬೇಕಾದರೆ ಬೇರೆಯವರನ್ನು ನೋಡಿಕೊಳ್ಳಲಿ. ನಾನಿ ಈಗಿಲ್ಲ. ಪರಸಿ ಕಿತ್ತು ಅಂಗಳಕ್ಕೆ ಸಿಮೆಂಟು ಬಳಿದಿದ್ದಾರೆ. ಖಾಲಾಳಿಗೆ ಚರ್ಮದ ಡಾಕ್ಟರು ಆ ಕ್ರೀಮನ್ನು ನಿಧಾನಕ್ಕೆ ಬಿಡಿಸಿದರು, ಆದರೆ ಹಳೆಯ ಕೆನ್ನೆ ತಿರುಗಿ ಬರಲಿಲ್ಲ.

ಅಂದು ಪಡಸಾಲೆಯಲ್ಲಿ ನಾನು ಎಲ್ಲ ಹೇಳಿದ ಮರುದಿನ ಬೆಳಿಗ್ಗೆ ನಾನಿ ಹಿತ್ತಲಿನಿಂದ ಬೀಸುವ ಕಲ್ಲು ತರಿಸಿದಳು. ಮನೆಯಲ್ಲಿದ್ದಷ್ಟನ್ನು ಕೂಡಿಸಿ ಒಂದು ಹಿಡಿ ಚಿಕ್ಸಾ ಬೀಸಿದಳು, ಹೊಗೆ ಕುಡಿಸಿದಳು, ಮಲ್ಲಿಗೆ ಎಣ್ಣೆಯಲ್ಲಿ ಕಲಸಿದಳು. ಖಾಲಾಳ ಮುಖಕ್ಕೆ ಆಗ ನೀರು ತಾಗಿದರೂ ಉರಿ. ನಾನಿ ಮುಖದ ಕಡೆ ಹೋಗಲಿಲ್ಲ. ಮಂಚದ ಕೆಳಗೆ ಕೂತು ಮಗಳ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡಳು. "ಅಮ್ಮಾ, ನೀ ನನ್ನ ಕಾಲು ಮುಟ್ಟಬ್ಯಾಡ" ಎಂದು ಖಾಲಾ ಎಳೆದುಕೊಳ್ಳಲು ನೋಡಿದಳು. ನಾನಿ ಬಿಡಲಿಲ್ಲ. "ಕುಂದ್ರ ಸುಮ್ನ. ಮೊದಲ ಪಾದಕ್ಕಽ ಹಚ್ಚಬೇಕು" ಎಂದು ತಲೆ ತಗ್ಗಿಸಿ ಹಚ್ಚುತ್ತಲೇ ಹೋದಳು. ಖಾಲಾ ತಾಯಿಯ ಬಾಗಿದ ತಲೆಯನ್ನು ನೋಡುತ್ತ ಕೂತಳು, ಆಮೇಲೆ ಕಾಲು ಎಳೆದುಕೊಳ್ಳಲಿಲ್ಲ.