ನನ್ನ ತಮ್ಮ ಹೊಲಿದ ಟೆಂಟು

ನನ್ನ ತಮ್ಮ ಸೋಫಾ ರಿಪೇರಿ ಮಾಡುತ್ತಾನೆ. ಹರಿದ ಕುಶನ್ ಬಿಚ್ಚಿ, ಹೊಸ ಫೋಮ್ ತುಂಬಿ, ಮೇಲೆ ಕವರು ಹೊಲಿದು ಕೊಡುವುದು ಅವನ ಕೆಲಸ. ಮದುವೆಯಾಗಲಿಲ್ಲ, ನನ್ನ ಜೊತೆಗೇ ಇದ್ದಾನೆ. ಕೈಕೆಲಸದಲ್ಲಿ ಅವನನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಕೈಗೆ ಬಂದದ್ದು ತಲೆಗೆ ಬರಲಿಲ್ಲ, ಅಷ್ಟೆ. ಐವತ್ತು ದಾಟಿದ ಮೇಲೂ ಅವನಿಗಿದ್ದ ಒಂದೇ ಆಸೆಯೆಂದರೆ ಡ್ರೈವಿಂಗ್ ಸ್ಕೂಲಿನವನ ಗುಂಪಿಗೆ ಸೇರುವುದು.

ಆ ಗುಂಪಿನಲ್ಲಿ ಇನ್ನಿಬ್ಬರು: ಔಷಧಿ ಅಂಗಡಿಯವನು, ಮತ್ತು ಯಾರು ಏನಂದರೂ ನಗುವುದಕ್ಕೆಂದೇ ಇರುವ ಒಬ್ಬ ಫೋಟೋಗ್ರಾಫರ್. ವಾರವಿಡೀ ಹೆಂಡತಿಯರ ಮುಂದೆ ತುಟಿ ಬಿಚ್ಚದ ಇವರು ಶನಿವಾರ ಬಂತೆಂದರೆ ಚಡ್ಡಿ ತೊಟ್ಟು ಕೆರೆಯ ದಂಡೆಗೆ ಹೋಗುತ್ತಾರೆ. ಅಲ್ಲಿ ಟೆಂಟು ಹಾಕಿ, ಅರೆಬೆಂದ ಕೋಳಿ ತಿಂದು, ಕಾಡು ಗೆದ್ದವರಂತೆ ಮರಳುತ್ತಾರೆ. ನನ್ನ ತಮ್ಮ ಶಾಲೆಯಲ್ಲಿ ಇವರ ಜೊತೆಯವನೇ. ಆದರೂ ಕಾರಿನಲ್ಲಿ ಜಾಗವಿಲ್ಲವೆಂದು ಪ್ರತಿ ಸಲವೂ ಬಿಟ್ಟುಹೋಗುತ್ತಿದ್ದರು. ಮೂವರು ಕೂತ ಕಾರಿನಲ್ಲಿ ನಾಲ್ಕನೆಯವನಿಗೆ ಜಾಗವಿಲ್ಲ ಎಂಬುದನ್ನು ನಂಬಲು ನನ್ನ ತಮ್ಮನಂಥವನೇ ಬೇಕು.

ಅವರ ಹಳೆಯ ಟೆಂಟು ಹರಿಯಿತು. ಹೊಸದನ್ನು ತಾನೇ ಹೊಲಿದುಕೊಡುತ್ತೇನೆಂದು ಇವನು ಹೇಳಿದ. ತಕ್ಷಣ ಕಾರಿನಲ್ಲಿ ಜಾಗ ಹುಟ್ಟಿತು.

"ಅವರಿಗೆ ಬೇಕಾಗಿರೋದು ಟೆಂಟು ಕಣೋ, ನೀನಲ್ಲ," ಎಂದೆ.

"ನೀನು ಸುಮ್ನಿರಕ್ಕ. ಇದೊಂದು ಸರಿಯಾಗಿ ಆಗ್ಲಿ, ಮುಂದಿನ ಸಲ ಅವರೇ ಕರೀತಾರೆ."

ಕೆರೆದಂಡೆಯಲ್ಲಿ ನಡೆದದ್ದನ್ನು, ನಾನು ಬಿಪಿ ಮಾತ್ರೆ ಕೊಳ್ಳಲು ಹೋದಾಗ, ಔಷಧಿ ಅಂಗಡಿಯವನೇ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ಟೆಂಟು ನೋಡಲು ಬಲು ಚೆನ್ನಾಗಿತ್ತಂತೆ. ದಪ್ಪ ರೆಕ್ಸಿನ್, ಜೋಡಿ ಹೊಲಿಗೆ, ತಳಕ್ಕೂ ಅದನ್ನೇ ಸೇರಿಸಿ ಹೊಲಿದದ್ದು. ಮಧ್ಯಾಹ್ನ ಸುತ್ತ ಗೂಟ ಹೊಡೆದು ನಿಲ್ಲಿಸಿ, ನಾಲ್ವರೂ ಒಳಗೆ ನುಸುಳಿದರು. "ಒಂದು ಸೊಳ್ಳೆ ಒಳಗೆ ಬಂದ್ರೆ ನನ್ನ ಕೇಳಿ," ಎಂದು ನನ್ನ ತಮ್ಮ ಕೈ ಹೊರಗೆ ಚಾಚಿ ಜಿಪ್ ಎಳೆದು, ಕೊನೆಯ ಬೆರಳಗಲವನ್ನು ಒಳಗಿನಿಂದಲೇ ತಳ್ಳಿ ಮುಚ್ಚಿದ.

ಸೊಳ್ಳೆ ಬರಲಿಲ್ಲ. ಗಾಳಿಯೂ ಬರಲಿಲ್ಲ. ಬೆವರಿ ನೀರಾದ ಡ್ರೈವಿಂಗ್ ಸ್ಕೂಲಿನವನು ಹೊರಗೆ ಹೋಗಲು ಎದ್ದು ನೋಡಿದರೆ, ಜಿಪ್ಪಿಗೆ ಒಳಗಡೆ ಹಿಡಿಯೇ ಇಲ್ಲ. ಜೀವಮಾನವೆಲ್ಲ ಸೋಫಾ ದಿಂಬಿಗೆ ಕವರು ಹೊಲಿದ ಕೈ ಅದು. ದಿಂಬಿನ ಒಳಗಿನಿಂದ ಯಾರೂ ಹೊರಗೆ ಬರಬೇಕಾಗಿಲ್ಲವಲ್ಲ.

"ಲೋ, ನಮ್ಮನ್ನೇನು ಫೋಮ್ ಅಂದ್ಕೊಂಡ್ಯೇನೋ?" ಎಂದು ಅವನು ಕಿರುಚಿದ.

"ಒಂದ್ನಿಮಿಷ ಇರ್ರೋ, ಹೊಲಿಗೆ ಬಿಚ್ತೀನಿ," ಎಂದು ನನ್ನ ತಮ್ಮ ಜೇಬಿನಿಂದ ಬ್ಲೇಡು ತೆಗೆದ.

"ಬಿಚ್ಚೋದೇನು? ಕೈಲಿ ಬ್ಲೇಡಿದೆಯಲ್ಲ, ಸೀಳು!"

ಸೀಳಿದರೆ ಟೆಂಟು ಹೋಯಿತು. ಟೆಂಟು ಹೋದರೆ ಮುಂದಿನ ಸಲ ತನ್ನನ್ನು ಕರೆಯುವವರಿಲ್ಲ. ಉಸಿರು ಕಟ್ಟುತ್ತಿದ್ದಾಗಲೂ ನನ್ನ ತಮ್ಮನ ತಲೆಯಲ್ಲಿದ್ದದ್ದು ಇದೇ. ಒಂದೊಂದೇ ಎಳೆ ಕೀಳುತ್ತ ಕೂತ. ತಾನೇ ಹಾಕಿದ ಜೋಡಿ ಹೊಲಿಗೆ, ಸುಲಭಕ್ಕೆ ಬಿಟ್ಟುಕೊಡುತ್ತದೆಯೇ? ಡ್ರೈವಿಂಗ್ ಸ್ಕೂಲಿನವನು ಬ್ಲೇಡು ಕಿತ್ತುಕೊಂಡು ಮೇಲಿಂದ ಕೆಳಗೆ ಒಂದೇ ಸಲಕ್ಕೆ ಸೀಳಿಬಿಟ್ಟ.

ಆ ದಿನ ಸಂಜೆ ಮನೆಗೆ ಬಂದವನು ಟೆಂಟನ್ನು ಮೂಲೆಗೆಸೆದು, "ಇನ್ನು ಮುಗೀತಕ್ಕ," ಎಂದು ಗೋಡೆ ಕಡೆ ತಿರುಗಿ ಮಲಗಿದ. ಪೀಡೆ ತೊಲಗಿತು ಎಂದುಕೊಂಡೆ. ಅಂಥ ಗಂಡಸರ ಸ್ವಭಾವ ನನಗೆ ಪೂರ್ತಿ ತಿಳಿದಿರಲಿಲ್ಲ. ಟೆಂಟಿಲ್ಲದಿದ್ದರೂ ಅವರಿಗೆ ನಡೆಯುತ್ತದೆ. ಆಡಿಕೊಳ್ಳಲು ಒಬ್ಬ ಸಿಕ್ಕಿದ ಮೇಲೆ ಅವನನ್ನು ಬಿಡುವುದು ಕಷ್ಟ.

ಮುಂದಿನ ಶನಿವಾರ ಮನೆ ಮುಂದೆ ಹಾರ್ನ್ ಕೇಳಿಸಿತು. ಡ್ರೈವಿಂಗ್ ಸ್ಕೂಲಿನವನು ಕಾರಿನಿಂದ ತಲೆ ಹೊರಗೆ ಹಾಕಿದ್ದ.

"ಅಕ್ಕಾ, ನಮ್ಮ ದಿಂಬು ಇದಾನಾ? ಬೇಗ ಕಳ್ಸಿ. ಅವನಿಲ್ದೆ ಮಜಾನೇ ಇಲ್ಲ."

ಹಿಂದಿನ ಸೀಟಿನಲ್ಲಿ ಫೋಟೋಗ್ರಾಫರ್ ಆಗಲೇ ನಗುತ್ತಿದ್ದ. ನನ್ನ ತಮ್ಮ ಚಡ್ಡಿ ಏರಿಸಿಕೊಳ್ಳುತ್ತ ಓಡಿಬಂದ.

"ಗೇಲಿ ಮಾಡೋಕೆ ಕರೀತಿದಾರೆ ಕಣೋ. ಅಷ್ಟೂ ತಿಳಿಯಲ್ವಾ ನಿನಗೆ?"

"ತಿಳಿಯುತ್ತೆ ಬಿಡಕ್ಕ," ಎಂದ, ಚಪ್ಪಲಿ ಮೆಟ್ಟುತ್ತ. "ಕರೀತಿದಾರಲ್ಲ."

ಕಾರು ತಿರುವು ದಾಟುವವರೆಗೂ ನಗು ಕೇಳುತ್ತಲೇ ಇತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನನ್ನ ತಮ್ಮನೇ.