ಲಂಗರಿನ ಮೋಟಾರು ಮತ್ತು ನಾನು ಆಡದ ಮಾತು

ಶಕುನ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನು. ವರ್ಷಗಟ್ಟಲೆ ಹಡಗುಗಳಲ್ಲಿ ಎಲೆಕ್ಟ್ರಿಶಿಯನ್ ಆಗಿ ದುಡಿದವನಿಗೆ ಅದೆಲ್ಲ ಬರೀ ಬುರುಡೆ. ಸುಳ್ಳೇಕೆ ಹೇಳಲಿ, ಬೇರೆಯವರ ಕಥೆ ಕೇಳಿದರೆ ಈಗಲೂ ನಗುತ್ತೇನೆ. ನನ್ನದೊಂದಕ್ಕೆ ಮಾತ್ರ ನಗು ಬರುವುದಿಲ್ಲ.

ಎರಡು ವರ್ಷದ ಹಿಂದೆ ರಜೆಯ ಮೇಲೆ ಹುಬ್ಬಳ್ಳಿಗೆ ಬಂದಿದ್ದೆ. ನನ್ನ ಬದಲಿಗೆ ಹಡಗು ಹತ್ತಿದವನು ಅಮರಗೋಳದ ಬಸವರಾಜ. ನನ್ನ ಕೈಕೆಳಗೇ ಕೆಲಸ ಕಲಿತವನು. ಒಂದು ಬೆಳಿಗ್ಗೆ ಗೋಕುಲ ರಸ್ತೆಯ ಮನೆಯಲ್ಲಿ ಅವಲಕ್ಕಿ ತಿನ್ನಲು ಕೂತಿದ್ದಾಗ ಸಮುದ್ರದ ನಡುವಿನಿಂದ ಅವನ ಫೋನು ಬಂತು.

"ಅಣ್ಣಾರ, ಬೋರ್ಡಿನ ಮ್ಯಾಲೆ ಒಂದು ದೀಪ ಮಂಕಾಗೇತ್ರಿ. ಎಲ್ಲಿಂದಂತ ಗೊತ್ತಾಗವಲ್ದು."

ಕರೆಂಟ್ ಎಲ್ಲಾದರೂ ಹಡಗಿನ ಕಬ್ಬಿಣಕ್ಕೆ ಸೋರಿದರೆ ಮುಖ್ಯ ಬೋರ್ಡಿನ ಮೂರು ದೀಪಗಳಲ್ಲಿ ಒಂದು ಮಂಕಾಗುತ್ತದೆ. ನಮ್ಮಲ್ಲಿ ಇದು ನೆಗಡಿಯಷ್ಟೇ ಸಾಮಾನ್ಯ. ಒಂದೊಂದೇ ಲೈನ್ ಆರಿಸುತ್ತ ಹೋಗಬೇಕು. ಯಾವುದನ್ನು ಆರಿಸಿದಾಗ ದೀಪ ಮತ್ತೆ ಬೆಳಗುತ್ತದೋ ಕಳ್ಳ ಅಲ್ಲಿರುತ್ತಾನೆ. ಹಾಗೇ ಮಾಡಿಸಿದೆ. ಸಿಕ್ಕಿಬಿದ್ದದ್ದು ಲಂಗರು ಎತ್ತುವ ಮೋಟಾರು. ಡೆಕ್ಕಿನ ಮೇಲಿರುವ ಅದರೊಳಗೆ ಉಪ್ಪುನೀರು ಹೋಗಿರಬೇಕು ಎಂದುಕೊಂಡೆ.

"ಫ್ಯೂಜ್ ತಗದಿಯೇನು?"

"ತಗದೇನ್ರಿ. ನನ್ನ ಕಿಸೇದಾಗ ಐತಿ."

ಗೊತ್ತಿಲ್ಲದೆ ಇನ್ನೊಬ್ಬ ಹಾಕಿಬಿಡಬಾರದೆಂದು, ತೆಗೆದ ಫ್ಯೂಜನ್ನು ತನ್ನ ಕಿಸೆಯಲ್ಲೇ ಇಟ್ಟುಕೊಳ್ಳುವುದು ನಮ್ಮವರ ರೂಢಿ. ಫ್ಯೂಜ್ ಕಿಸೆಯಲ್ಲಿದ್ದರೆ ಮೋಟಾರು ಸತ್ತಂತೆ ಎಂಬ ಧೈರ್ಯ. "ಹಂಗಾರ ಮುಚ್ಚಳ ಬಿಚ್ಚು," ಎಂದೆ. ಅಷ್ಟರಲ್ಲಿ ಫೋನು ಕಟ್ಟಾಯಿತು. ನಾನು ಆರಾಮಾಗಿ ಅವಲಕ್ಕಿ ಮುಗಿಸಿದೆ.

ಚಹಾದ ಕಪ್ಪು ಎತ್ತಿದಾಗ ನೆನಪಾಯಿತು ನೋಡಿ. ತೇವ ಹಿಡಿಯದಿರಲೆಂದು ಆ ಮೋಟಾರಿನೊಳಗೆ ಒಂದು ಹೀಟರ್ ಇರುತ್ತದೆ. ಅದರ ಕರೆಂಟ್ ಬೇರೆ ಲೈನಿನದು, ಆ ಫ್ಯೂಜ್ ತೆಗೆದರೂ ಆರುವುದಿಲ್ಲ. ಅದನ್ನು ನಾನು ಹೇಳಿರಲಿಲ್ಲ! ಹುಡುಗನ ಕೈ ಒದ್ದೆ, ಕಾಲಡಿ ಕಬ್ಬಿಣ. ಫೋನು ಹಚ್ಚಿದೆ, ಹತ್ತಲಿಲ್ಲ. ಮಾಳಿಗೆಗೆ ಓಡಿದೆ, ಇಳಿದೆ, ಚಪ್ಪಲಿಯಿಲ್ಲದೆ ರಸ್ತೆಗೆ ಹೋದೆ, ಮತ್ತೆ ಹಚ್ಚಿದೆ. "ಏನಾತ್ರಿ? ಒಂಚೂರು ಕುಂದರ್ರಿ," ಎಂದ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮಧ್ಯಾಹ್ನ ಅವನೇ ಫೋನು ಮಾಡಿದ. ಹೀಟರಿನ ಲೈನೂ ಆರಿಸಿ, ಸಿಹಿನೀರಿನಿಂದ ಉಪ್ಪು ತೊಳೆದು, ಒಣಗಲು ಬಿಟ್ಟಿದ್ದನಂತೆ. ನನಗೆ ಅಳುವೇ ಬಂತು.

"ಹೀಟರ್ ಇರೂದು ನಿನಗ ಹೆಂಗ ಗೊತ್ತಾತೋ?"

"ನೀವ ಹೇಳಿದ್ರಲ್ರೀ! ಇನ್ನೇನು ಕೈ ಹಾಕಬೇಕು, 'ಬಸ್ಯಾ, ಕೈ ತಗಿ, ಹೀಟರ್ ಐತಿ' ಅಂತ ಒದರಿದ್ರಿ. ಮೀಟರ್ ಹಚ್ಚಿದ್ರ, ಯಪ್ಪಾ, ಖರೇನ ಕರೆಂಟ್ ಇತ್ತು!"

ನಾನು ಒದರಿರಲಿಲ್ಲ. ಇಬ್ಬರೂ ಹೊತ್ತು ತಾಳೆ ಹಾಕಿ ನೋಡಿದೆವು. ಅವನು ಮುಚ್ಚಳ ಬಿಚ್ಚಿದಾಗ ಫೋನು ಕಟ್ಟಾಗಿತ್ತು, ನಾನಿನ್ನೂ ಅವಲಕ್ಕಿ ಜಗಿಯುತ್ತಿದ್ದೆ. ಹಳೆಯ ಪಾಠ ಅವನ ತಲೆಯಲ್ಲಿ ಮಾತಾಡಿರಬೇಕು ಎನ್ನೋಣವೆಂದರೆ, ಹೀಟರಿನ ವಿಷಯ ನಾನು ಅವನಿಗೆ ಕಲಿಸಿಯೇ ಇರಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಹೊಂದುತ್ತಿಲ್ಲ.

ಅದೇ ವಾರ ಅವನ ತಾಯಿ ಮನೆಗೆ ಬಂದರು. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, "ನನ್ನ ಮಗನ್ನ ಉಳಿಸಿಕೊಟ್ರಿ," ಎಂದರು. ಅವನನ್ನು ಆ ಕರೆಂಟಿನ ಬಾಯಿಗೆ ಕಳಿಸಿದವನೇ ನಾನು ಎಂದು ಆ ತಾಯಿಗೆ ಇವತ್ತಿಗೂ ಹೇಳಿಲ್ಲ.